ಗಾಬರಿಯ ಗುಳಿಗೆ ಹೆಂಗಸರ ಕೈಗೆ ಬಂದ ಕಥೆ

ಉರ್ದುವಿನಲ್ಲಿ 'ಘಬರಾಹಟ್' ಎಂಬ ಮಾತಿದೆ. ಕನ್ನಡದ 'ಗಾಬರಿ' ಅದರ ನೆಂಟನೇ ಆದರೂ ಎರಡರ ಅರ್ಥ ಒಂದೇ ಅಲ್ಲ. ಗಾಬರಿಯಾಗಬೇಕಾದರೆ ಎದುರಿಗೆ ಏನಾದರೂ ಇರಬೇಕು. ಹಾವೋ, ಪೊಲೀಸರೋ, ಅಪರಾತ್ರಿಯಲ್ಲಿ ಬಂದ ಫೋನೋ. ಘಬರಾಹಟ್‌ಗೆ ಎದುರಿಗೆ ಏನೂ ಇರಬೇಕಾಗಿಲ್ಲ. ನಮ್ಮ ಮನೆಗಳ ಹೆಂಗಸರು 'ದಿಲ್ ಘಬರಾತಾ' ಎಂದರೆ ಎದೆ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಉಸಿರು ಸಾಲದಂತಾಗುವುದು, ಏನೋ ಕೆಡುಕು ಕಾದಿದೆಯೆಂಬ ಅಳುಕು, ರಾತ್ರಿಯೆಲ್ಲ ಬಾರದ ನಿದ್ದೆ ಎಲ್ಲವೂ ಅದರೊಳಗೆ ಸೇರಿರುತ್ತವೆ. ಪಕ್ಕದ ಮನೆಯ ಕನ್ನಡದ ತಾಯಿ ಇದನ್ನೇ 'ಜೀವ ತಳಮಳ' ಎನ್ನುತ್ತಾಳೆ.

ಈ ಮಾತು ಡಾಕ್ಟರ ಕೋಣೆಯೊಳಗೆ ಹೋಗುವಾಗ ಸಾಮಾನ್ಯವಾಗಿ ಒಬ್ಬ ದುಭಾಷಿಯ ಜೊತೆ ಹೋಗುತ್ತದೆ. ಗಂಡನೋ ಮಗನೋ ಅದನ್ನು ಕನ್ನಡಕ್ಕೆ ಅಥವಾ ಇಂಗ್ಲಿಷಿಗೆ ತಿರುಗಿಸಿ 'ಸ್ವಲ್ಪ ಟೆನ್ಷನ್ ಡಾಕ್ಟ್ರೇ, ನಿದ್ದೆ ಮಾಡೋದಿಲ್ಲ' ಎನ್ನುತ್ತಾನೆ. ಹತ್ತು ಬಗೆಯ ಸಂಕಟ ಎರಡು ಮಾತಿಗೆ ಇಳಿಯುತ್ತದೆ. ಹೊರಗೆ ಇನ್ನೂ ಮೂವತ್ತು ಜನ ಕಾದಿದ್ದಾರೆ. ಚೀಟಿಯ ಮೇಲೆ ಒಂದು ಚಿಕ್ಕ ಮಾತ್ರೆಯ ಹೆಸರು ಬೀಳುತ್ತದೆ. ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್, ಡಯಾಜೆಪಾಮ್, ಲೊರಾಜೆಪಾಮ್ ಇವುಗಳಲ್ಲಿ ಯಾವುದಾದರೊಂದು. ಮಾತ್ರೆ ಸುಳ್ಳಲ್ಲ. ಅಂದು ರಾತ್ರಿ ಆಕೆ ನಿದ್ದೆ ಮಾಡುತ್ತಾಳೆ. ಅದು ಅಷ್ಟು ಸಲೀಸಾಗಿ ಕೆಲಸ ಮಾಡುತ್ತದೆ ಎಂಬುದರಿಂದಲೇ ಅದರ ಚರಿತ್ರೆಯನ್ನು ತಿಳಿಯುವುದು ಅಗತ್ಯವಾಗಿದೆ.

ಮನಸ್ಸಿನ ಬೇನೆಯೂ ದೇಹದ ಬೇನೆಯಷ್ಟೇ ನಿಜ ಎಂಬುದನ್ನು ನಮ್ಮ ಹಿರಿಯ ಹಕೀಮರು ಬಲ್ಲವರಾಗಿದ್ದರು. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್‌-ಬಲ್ಖಿ ದೇಹ ಮತ್ತು ಮನಸ್ಸುಗಳೆರಡರ ಆರೈಕೆಯನ್ನೂ ಕುರಿತು ಬರೆದ ಅರಬಿ ಗ್ರಂಥದಲ್ಲಿ ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ಯೋಚನೆಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದಾನೆ. ಇಷ್ಟು ಹೇಳಿ ಹೆಮ್ಮೆಪಟ್ಟು ಅಲ್ಲಿಗೇ ನಿಲ್ಲುವುದು ನಮ್ಮವರ ಅಭ್ಯಾಸ. ಆದರೆ ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆಯ ವಂಶಾವಳಿ ಬಲ್ಖಿಯಿಂದ ಬಂದುದಲ್ಲ. ಅದನ್ನು ಹುಡುಕಿಕೊಂಡು ನಾವು ಲಂಡನ್ನಿಗೆ ಹೋಗಬೇಕು.

1857ರಲ್ಲಿ ಅಲ್ಲಿನ ವೈದ್ಯರ ಸಭೆಯೊಂದರಲ್ಲಿ ಚಾರ್ಲ್ಸ್ ಲೊಕಾಕ್ ಎಂಬ ವೈದ್ಯ ಎದ್ದು ನಿಂತು, ಪೊಟಾಷಿಯಂ ಬ್ರೋಮೈಡ್ ಎಂಬ ಲವಣವನ್ನು ತಾನು ಮುಟ್ಟಿನ ಸಮಯದಲ್ಲಿ ಮೂರ್ಛೆ ಬೀಳುವ ಹೆಂಗಸರಿಗೆ ಕೊಟ್ಟು ಗುಣ ಕಂಡಿರುವುದಾಗಿ ಹೇಳಿದ. ಈತ ವಿಕ್ಟೋರಿಯಾ ರಾಣಿಯ ಹೆರಿಗೆ ಮಾಡಿಸಿದ ವೈದ್ಯ. ಹೆಂಗಸರ ಇಂಥ ಮೂರ್ಛೆಗೆ ಅವರ ಕಾಮೋದ್ರೇಕವೇ ಕಾರಣವೆಂದೂ, ಬ್ರೋಮೈಡ್ ಅದನ್ನು ತಣಿಸುತ್ತದೆಯೆಂದೂ ಅವನ ತರ್ಕ. ತರ್ಕ ತಪ್ಪು, ಔಷಧ ಸರಿ. ಬ್ರೋಮೈಡ್ ನಿಜವಾಗಿಯೂ ಮೂರ್ಛೆಯನ್ನು ತಡೆಯುತ್ತಿತ್ತು, ನರಗಳನ್ನು ಮಂಕಾಗಿಸುತ್ತಿತ್ತು. ಕೆಲವೇ ದಶಕಗಳಲ್ಲಿ ಅದು 'ನರದೌರ್ಬಲ್ಯ'ದ ಸರ್ವರೋಗ ನಿವಾರಕವಾಯಿತು. ಅದು ದೇಹದಿಂದ ಬೇಗನೆ ಹೊರಹೋಗುವುದಿಲ್ಲ. ಒಂದು ಸಲ ಸೇವಿಸಿದ್ದರ ಅರ್ಧ ಭಾಗ ಹೋಗಲಿಕ್ಕೇ ಸುಮಾರು ಹನ್ನೆರಡು ದಿನ ಬೇಕು. ದಿನಾ ಕುಡಿದವರಲ್ಲಿ ಅದು ಶೇಖರವಾಗಿ ಮರೆವು, ತೊದಲು, ಭ್ರಮೆ ಹುಟ್ಟುತ್ತಿದ್ದವು. ಹುಚ್ಚಾಸ್ಪತ್ರೆಗೆ ಸೇರಿದವರಲ್ಲಿ ಕೆಲವರಿಗೆ ಬ್ರೋಮೈಡೇ ಹುಚ್ಚು ಹಿಡಿಸಿತ್ತೆಂದು ಮುಂದೆ ತಿಳಿದುಬಂತು. ಗ್ರೀಕರು ಗರ್ಭಕೋಶಕ್ಕೆ ಇಟ್ಟ ಹೆಸರಿನಿಂದಲೇ 'ಹಿಸ್ಟೀರಿಯಾ' ಎಂಬ ರೋಗನಾಮ ಹುಟ್ಟಿದೆ. ಹೆಣ್ಣಿನ ತಳಮಳಕ್ಕೆ ಕಾರಣ ಅವಳ ಬದುಕಿನಲ್ಲಿ ಇಲ್ಲ, ಅವಳ ಒಡಲಿನಲ್ಲಿದೆ ಎಂಬ ಹಳೆಯ ನಂಬಿಕೆಗೆ ಬ್ರೋಮೈಡಿನಿಂದ ಒಂದು ಸೀಸೆ ದೊರೆತಂತಾಯಿತು.

ನಂತರ ಬಂದವು ಬಾರ್ಬಿಟುರೇಟುಗಳು. 1903ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಅವರಿಂದ ವೆರೊನಾಲ್, 1912ರಲ್ಲಿ ಫಿನೊಬಾರ್ಬಿಟಾಲ್. ನಿದ್ದೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಇವುಗಳಲ್ಲಿ ಅಂತರ ತೀರ ಕಡಿಮೆ. 1962ರ ಆಗಸ್ಟಿನಲ್ಲಿ ನಟಿ ಮರ್ಲಿನ್ ಮನ್ರೋ ಸತ್ತದ್ದು ಇಂಥ ಮಾತ್ರೆಗಳಿಂದಲೇ. 'ಸುರಕ್ಷಿತವಾದ' ನೆಮ್ಮದಿಯ ಗುಳಿಗೆಯೊಂದು ಬೇಕೆಂದು ಎಲ್ಲರೂ ಹಂಬಲಿಸುತ್ತಿದ್ದ ಕಾಲ ಅದು. ಆ ಹಂಬಲವನ್ನು ಮರೆತರೆ ಮುಂದಿನ ಕಥೆಯಲ್ಲಿ ಎಲ್ಲರೂ ಖಳನಾಯಕರಂತೆ ಕಂಡುಬಿಡುತ್ತಾರೆ, ಹಾಗೆ ಇರಲಿಲ್ಲ.

ಮೊದಲು ಬಂದದ್ದು ಮಿಲ್‌ಟೌನ್. ಜೆಕ್ ಮೂಲದ ಫ್ರಾಂಕ್ ಬರ್ಗರ್ ಯುದ್ಧಕಾಲದ ಇಂಗ್ಲೆಂಡಿನಲ್ಲಿ ಪೆನ್ಸಿಲಿನ್ನಿಗೆ ಸಂಬಂಧಿಸಿದ ಕೆಲಸದಲ್ಲಿದ್ದಾಗ ಒಂದು ರಾಸಾಯನಿಕ ಪ್ರಯೋಗದ ಇಲಿಗಳನ್ನು ಎಚ್ಚರ ತಪ್ಪಿಸದೆಯೇ ಸೌಮ್ಯವಾಗಿಸುವುದನ್ನು ಕಂಡ. ಅದೇ ಜಾಡಿನಲ್ಲಿ ಅಮೆರಿಕದಲ್ಲಿ ಮೆಪ್ರೊಬಮೇಟ್ ತಯಾರಾಯಿತು. ನ್ಯೂಜೆರ್ಸಿಯ ಒಂದು ಸಣ್ಣ ಊರಿನ ಹೆಸರು ಹೊತ್ತು 1955ರಲ್ಲಿ ಅದು ಮಾರುಕಟ್ಟೆಗೆ ಬಂತು. ಆರಂಭದಲ್ಲಿ ಇದು ಹೆಂಗಸರ ಮಾತ್ರೆಯೇನೂ ಆಗಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಹಾಲಿವುಡ್ಡಿನ ನಟರು, ವ್ಯಾಪಾರಸ್ಥರು, ರಾಜಕಾರಣಿಗಳು ಬಹಿರಂಗವಾಗಿಯೇ ಅದನ್ನು ನುಂಗುತ್ತಿದ್ದರು. ಮಿಲ್ಟನ್ ಬರ್ಲ್ ಎಂಬ ಟಿ.ವಿ. ಹಾಸ್ಯನಟ ತನ್ನ ಹೆಸರನ್ನೇ ಮಿಲ್‌ಟೌನ್ ಬರ್ಲ್ ಎಂದು ಬದಲಿಸಿಕೊಳ್ಳುತ್ತೇನೆ ಎಂದು ನಗಿಸುತ್ತಿದ್ದ. ಗಂಡಸು ನುಂಗುವಾಗ ಅದು ದುಡಿಮೆಯ ಲಕ್ಷಣ, ದೊಡ್ಡ ಹೊಣೆ ಹೊತ್ತವನ ಗುರುತು. ಹೆಣ್ಣು ನುಂಗಿದಾಗ ಮಾತ್ರ ಅದು ಕಾಯಿಲೆಯಾಯಿತು.

ಮತ್ತೊಂದು ಶಮನಕಾರಿ ಬಂದದ್ದು ಪಶ್ಚಿಮ ಜರ್ಮನಿಯಲ್ಲಿ. 1957ರ ಅಕ್ಟೋಬರ್ 1ರಂದು ಗ್ರೂನೆಂಥಾಲ್ ಕಂಪೆನಿ ಥಾಲಿಡೊಮೈಡ್ ಔಷಧವನ್ನು ಕಾಂಟರ್ಗನ್ ಎಂಬ ಹೆಸರಿನಲ್ಲಿ ಮಾರತೊಡಗಿತು. ಬಾರ್ಬಿಟುರೇಟಿನಂತೆ ಪ್ರಾಣ ತೆಗೆಯದ, ಚೀಟಿಯಿಲ್ಲದೆ ಕೊಳ್ಳಬಹುದಾದ ನಿರಪಾಯದ ನಿದ್ದೆ ಮಾತ್ರೆ ಎಂಬುದು ಅದರ ಹೆಗ್ಗಳಿಕೆ. ಬಸುರಿಯರ ಬೆಳಗಿನ ವಾಂತಿಗೂ ಅದನ್ನೇ ಕೊಟ್ಟರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದಾಗ ಕಾರಣ ತಿಳಿಯದೆ ತಾಯಂದಿರು ತಮ್ಮನ್ನೇ ಶಪಿಸಿಕೊಂಡರು. 1961ರ ನವೆಂಬರಿನಲ್ಲಿ ಔಷಧವನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅದರ ಏಟು ತಿಂದಿದ್ದವು. ಅಮೆರಿಕದಲ್ಲಿ ಆ ಪ್ರಮಾಣದ ಅನಾಹುತ ಆಗದಿದ್ದುದಕ್ಕೆ ಕಾರಣ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಹೆಂಗಸು. ಕಂಪೆನಿ ಎಷ್ಟು ಒತ್ತಾಯಿಸಿದರೂ ಆಕೆ ಸಾಕಷ್ಟು ಪುರಾವೆ ಇಲ್ಲವೆಂದು ಅನುಮತಿಯನ್ನು ತಡೆಹಿಡಿದಳು.

ಈ ಘಟನೆಯ ನೆರಳು ಬಹಳ ಉದ್ದವಾದುದು. ಅದಕ್ಕೆ ಮತ್ತೆ ಬರುತ್ತೇವೆ.

ಈ ನಡುವೆ ನ್ಯೂಜೆರ್ಸಿಯ ನಟ್ಲಿಯಲ್ಲಿದ್ದ ರೋಶ್ ಕಂಪೆನಿಯ ಪ್ರಯೋಗಾಲಯದಲ್ಲಿ ಲಿಯೋ ಸ್ಟರ್ನ್‌ಬಾಖ್ ಎಂಬ ರಸಾಯನ ವಿಜ್ಞಾನಿ ಹೊಸ ಶಮನಕಾರಿಯೊಂದನ್ನು ಹುಡುಕುತ್ತಿದ್ದ. ಪೋಲೆಂಡಿನಲ್ಲಿ ಓದಿದ ಈ ಯಹೂದಿ ವಿಜ್ಞಾನಿ 1941ರಲ್ಲಿ ನಾಜಿಗಳ ಕಾಟಕ್ಕೆ ಯೂರೋಪನ್ನು ಬಿಟ್ಟು ಬಂದವನು. 1957ರಲ್ಲಿ ಪ್ರಯೋಗಾಲಯದ ಮೇಜನ್ನು ಒಪ್ಪ ಮಾಡುವಾಗ, ಪರೀಕ್ಷೆಗೆ ಕಳಿಸದೆ ಉಳಿದಿದ್ದ ಒಂದು ಪುಡಿ ಸಹೋದ್ಯೋಗಿಯ ಕಣ್ಣಿಗೆ ಬಿತ್ತು. ಎಸೆಯುವ ಮೊದಲು ಪರೀಕ್ಷಿಸೋಣವೆಂದು ಕಳಿಸಿದರು. 1960ರಲ್ಲಿ ಅದು ಲಿಬ್ರಿಯಮ್ ಆಗಿ ಅಂಗಡಿಗೆ ಬಂತು. 1963ರಲ್ಲಿ ಅದರ ಸುಧಾರಿತ ತಂಗಿ ವ್ಯಾಲಿಯಮ್, ಅಂದರೆ ಡಯಾಜೆಪಾಮ್. ಬೆಂಜೊಡಯಾಜೆಪೈನ್ ಎಂಬ ಔಷಧ ಕುಟುಂಬ ಹುಟ್ಟಿದ್ದು ಹೀಗೆ. ನಮ್ಮೂರಿನ ಚೀಟಿಗಳ ಮೇಲೆ ಇಂದು ಬರುವ ಹೆಸರುಗಳೆಲ್ಲ ಇದೇ ಮನೆತನದವು. ಬಾರ್ಬಿಟುರೇಟಿಗೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಹೆಜ್ಜೆ. ಇದನ್ನು ಮಾತ್ರ ನುಂಗಿ ಸಾಯುವುದು ಕಷ್ಟ. ಮೂರ್ಛೆ ನಿಲ್ಲಿಸಲು, ಶಸ್ತ್ರಚಿಕಿತ್ಸೆಯ ಮುಂಚೆ ರೋಗಿಯ ಹೆದರಿಕೆ ಇಳಿಸಲು ಇಂದಿಗೂ ಇದು ಬೇಕು.

ವ್ಯಾಲಿಯಮ್ ಬಂದ ವರ್ಷವೇ ಬೆಟ್ಟಿ ಫ್ರೀಡನ್ ಅಮೆರಿಕದ ಗೃಹಿಣಿಯರ ಹೆಸರಿಲ್ಲದ ಅತೃಪ್ತಿಯನ್ನು ಕುರಿತ 'ದ ಫೆಮಿನೈನ್ ಮಿಸ್ಟೀಕ್' ಪುಸ್ತಕವನ್ನು ಪ್ರಕಟಿಸಿದಳು. ಓದಿದ ಹೆಣ್ಣುಮಕ್ಕಳು ಊರ ಹೊರಗಿನ ಚೆಂದದ ಮನೆಗಳಲ್ಲಿ ಕುಳಿತು ಶಮನಕಾರಿ ಮಾತ್ರೆಗಳನ್ನು ನುಂಗುತ್ತಿರುವುದನ್ನು ಆಕೆ ಅದರಲ್ಲಿ ಗುರುತಿಸಿದ್ದಳು. ಅದೇ ಅತೃಪ್ತಿಯನ್ನು ಔಷಧ ಕಂಪೆನಿಗಳೂ ಗುರುತಿಸಿದ್ದವು. ಫ್ರೀಡನ್ ಅದನ್ನು ಪ್ರಶ್ನೆಯಾಗಿ ಕಂಡಳು, ಕಂಪೆನಿಗಳು ಗಿರಾಕಿಯಾಗಿ ಕಂಡವು.

ಆ ಕಾಲದ ಜಾಹೀರಾತುಗಳು ವೈದ್ಯರ ಪತ್ರಿಕೆಗಳಲ್ಲಿ ಬರುತ್ತಿದ್ದವು. ರೋಗಿಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದರಲ್ಲಿ ಪೊರಕೆ, ನೆಲ ಒರೆಸುವ ಕೋಲುಗಳೇ ಜೈಲಿನ ಸರಳುಗಳಾಗಿ ನಿಂತಿವೆ, ಅವುಗಳ ಹಿಂದೆ ಗೃಹಿಣಿಯೊಬ್ಬಳ ಬಾಡಿದ ಮುಖ. ಇವಳನ್ನು ಬಿಡುಗಡೆ ಮಾಡುವುದು ವೈದ್ಯರಾದ ನಿಮ್ಮಿಂದ ಆಗದು, ಆದರೆ ಇವಳ ಆತಂಕ ಕಡಿಮೆ ಮಾಡಬಹುದು ಎಂಬುದು ಅದರ ಸಾರ. ಅದು ಸೆರಾಕ್ಸ್ ಎಂಬ ಮಾತ್ರೆಯ 1967ರ ಜಾಹೀರಾತು. ಇನ್ನೊಂದರಲ್ಲಿ ಕೈತುಂಬ ಪುಸ್ತಕ ಹಿಡಿದು ಕಾಲೇಜಿಗೆ ಹೊರಟ ಹುಡುಗಿ. ಹೊಸ ಜಗತ್ತು ತಂದ ಆತಂಕಕ್ಕೆ ಲಿಬ್ರಿಯಮ್. 1970ರ ವ್ಯಾಲಿಯಮ್ ಜಾಹೀರಾತಿನಲ್ಲಿ ಮೂವತ್ತೈದು ವರ್ಷವಾದರೂ ಮದುವೆಯಾಗದ ಒಬ್ಬಳ ಹಳೆಯ ಫೋಟೋಗಳ ಸಾಲಿದೆ, ಪ್ರತಿ ಫೋಟೋದಲ್ಲೂ ಬೇರೆ ಬೇರೆ ಗಂಡಸು. ತಂದೆಗೆ ಸರಿಸಮನಾದವನು ಸಿಗದೆ ಉಳಿದುಹೋದಳು ಎಂಬ ವಿವರಣೆ ಬೇರೆ. ಮದುವೆಯಾಗದಿದ್ದುದು ರೋಗಲಕ್ಷಣವಾಗಿತ್ತು, ಮದುವೆಯಾಗಿ ಮನೆಯಲ್ಲಿ ಬಂದಿಯಾದುದೂ ರೋಗಲಕ್ಷಣವಾಗಿತ್ತು, ಓದಲು ಹೊರಟದ್ದೂ ರೋಗಲಕ್ಷಣವೇ ಆಗಿತ್ತು! ಕಥೆ ಬರೆಯುವ ನಮಗೆ ಪೊರಕೆಯ ಆ ಚಿತ್ರದ ಬಗ್ಗೆ ಹೊಟ್ಟೆಕಿಚ್ಚೂ ಆಗುತ್ತದೆ. ಹೆಣ್ಣಿನ ಬಂಧನವನ್ನು ಅಷ್ಟು ನಿಖರವಾಗಿ ಕಂಡ ಕಣ್ಣು ಕೊನೆಗೆ ಹೇಳಿದ್ದೇನು ನೋಡಿ.

ಲಿಬ್ರಿಯಮ್ ಮತ್ತು ವ್ಯಾಲಿಯಮ್‌ಗಳ ಪ್ರಚಾರದ ಹಿಂದೆ ಇದ್ದ ಚತುರ ಆರ್ಥರ್ ಸ್ಯಾಕ್ಲರ್. ಅವನು 1987ರಲ್ಲಿ ತೀರಿಕೊಂಡ. ಅವನ ತಮ್ಮಂದಿರ ಕಂಪೆನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಅದೇ ಬಗೆಯ ಪ್ರಚಾರದಿಂದ ಮಾರಿ ಅಮೆರಿಕವನ್ನು ಯಾವ ಸ್ಥಿತಿಗೆ ತಂದಿತು ಎಂಬುದು ಬೇರೆಯೇ ಕಥೆ. ಅಂತೂ 1960ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ವೈದ್ಯರು ಅತಿ ಹೆಚ್ಚಾಗಿ ಬರೆದ ಔಷಧ ವ್ಯಾಲಿಯಮ್. 1978 ಒಂದೇ ವರ್ಷದಲ್ಲಿ ಮಾರಾಟವಾದವು 230 ಕೋಟಿ ಮಾತ್ರೆಗಳು. ನುಂಗುವವರಲ್ಲಿ ಹೆಂಗಸರು ಗಂಡಸರ ಹೆಚ್ಚುಕಡಿಮೆ ಇಮ್ಮಡಿ.

ಇದು ಚಟವಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲವೆ? ಗೊತ್ತಿತ್ತು. 1961ರಲ್ಲಿಯೇ, ಲಿಬ್ರಿಯಮ್ ಬಂದ ಮರುವರ್ಷ, ಲಿಯೋ ಹೊಲಿಸ್ಟರ್ ಎಂಬ ವೈದ್ಯ ಮತ್ತು ಅವನ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದ್ದರು. ಆಸ್ಪತ್ರೆಯ ರೋಗಿಗಳಿಗೆ ಕೆಲವು ತಿಂಗಳು ದೊಡ್ಡ ಪ್ರಮಾಣದಲ್ಲಿ ಲಿಬ್ರಿಯಮ್ ಕೊಟ್ಟು, ಹನ್ನೊಂದು ಮಂದಿಗೆ ಅವರಿಗೆ ತಿಳಿಯದಂತೆ ಬರಿಯ ಹುಸಿ ಮಾತ್ರೆಯನ್ನು ಬದಲಿಸಿದರು. ಹನ್ನೊಂದರಲ್ಲಿ ಹತ್ತು ಮಂದಿಗೆ ಹೊಸ ತೊಂದರೆಗಳು ಕಾಣಿಸಿಕೊಂಡವು, ಇಬ್ಬರಿಗೆ ಫಿಟ್ಸ್ ಬಂತು. ದೊಡ್ಡ ಪ್ರಮಾಣದ ವಿಷಯ ಅದು, ಸಾಮಾನ್ಯ ಪ್ರಮಾಣದಲ್ಲಿ ಚಿಂತೆಯಿಲ್ಲ ಎಂದು ವೈದ್ಯಲೋಕ ಸಮಾಧಾನ ಹೇಳಿಕೊಂಡಿತು. ಸಾಮಾನ್ಯ ಪ್ರಮಾಣವನ್ನು ನಾಲ್ಕಾರು ವರ್ಷ ನುಂಗಿದ ಹೆಂಗಸರು ಬಂದು 'ಬಿಟ್ಟರೆ ನಡುಕ ಬರುತ್ತದೆ, ನಿದ್ದೆ ಹಾರಿಹೋಗುತ್ತದೆ, ಬೆಳಕು ಶಬ್ದ ಯಾವುದೂ ಸಹಿಸಲಾಗುವುದಿಲ್ಲ' ಎಂದರೆ, ನಿಮ್ಮ ಹಳೆಯ ಕಾಯಿಲೆಯೇ ಮರಳಿದೆ ಎಂದು ಚೀಟಿ ಮುಂದುವರಿಸುತ್ತಿದ್ದರು. ಇಡೀ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಇದೇ. ತನ್ನ ಒಡಲ ಬಗ್ಗೆ ಹೆಣ್ಣು ಹೇಳಿದ ಮಾತು ಸಾಕ್ಷಿಯಾಗಲಿಲ್ಲ, ಅದೂ ಒಂದು ರೋಗಲಕ್ಷಣವಾಯಿತು.

1975ರಲ್ಲಿ ಅಮೆರಿಕ ಈ ಮಾತ್ರೆಗಳನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಆದರೆ ಜನ ಕಣ್ತೆರೆದದ್ದು ಇಬ್ಬರು ಹೆಂಗಸರು ಬಾಯಿಬಿಟ್ಟಾಗ. 1978ರ ಏಪ್ರಿಲ್‌ನಲ್ಲಿ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡರ ಪತ್ನಿ ಬೆಟ್ಟಿ ಫೋರ್ಡ್, ವೈದ್ಯರು ಬರೆದುಕೊಟ್ಟ ಮಾತ್ರೆಗಳಿಗೂ ಮದ್ಯಕ್ಕೂ ತಾನು ಅಂಟಿಕೊಂಡಿರುವುದನ್ನು ಬಹಿರಂಗವಾಗಿ ಒಪ್ಪಿಕೊಂಡು ನೌಕಾದಳದ ಆಸ್ಪತ್ರೆಗೆ ದಾಖಲಾದಳು. ಬೀದಿಯ ಕುಡುಕರ ಕಾಯಿಲೆ ಎಂದುಕೊಂಡದ್ದು ಶ್ವೇತಭವನದಲ್ಲಿಯೂ ಇತ್ತು! ಮರುವರ್ಷ ಟಿ.ವಿ. ನಿರ್ಮಾಪಕಿ ಬಾರ್ಬರಾ ಗಾರ್ಡನ್ ತನ್ನ ಅನುಭವದ ಪುಸ್ತಕ 'ಐ ಆ್ಯಮ್ ಡ್ಯಾನ್ಸಿಂಗ್ ಆ್ಯಸ್ ಫಾಸ್ಟ್ ಆ್ಯಸ್ ಐ ಕ್ಯಾನ್' ಪ್ರಕಟಿಸಿದಳು. ವರ್ಷಗಟ್ಟಲೆ ವ್ಯಾಲಿಯಮ್ ನುಂಗಿದ್ದ ಆಕೆ ವೈದ್ಯರ ಸಲಹೆಯಂತೆಯೇ ಅದನ್ನು ಒಂದೇ ದಿನಕ್ಕೆ ನಿಲ್ಲಿಸಿ, ಬುದ್ಧಿ ಕದಡಿ ಮನೋರೋಗದ ಆಸ್ಪತ್ರೆ ಸೇರಿದ್ದಳು. ಅದೇ 1979ರ ಸೆಪ್ಟೆಂಬರಿನಲ್ಲಿ ಸೆನೆಟರ್ ಎಡ್ವರ್ಡ್ ಕೆನೆಡಿ ಈ ಮಾತ್ರೆಗಳ ಬಗ್ಗೆ ಸೆನೆಟ್ ಸಮಿತಿಯ ವಿಚಾರಣೆ ನಡೆಸಿದ. ಅಷ್ಟರಲ್ಲಿ ಹೊಲಿಸ್ಟರನ ಅಧ್ಯಯನಕ್ಕೆ ಹದಿನೆಂಟು ವರ್ಷ ತುಂಬಿತ್ತು.

ಬ್ರಿಟನ್ನಿನಲ್ಲಿ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡಿದವಳು ಹೆದರ್ ಆ್ಯಷ್ಟನ್. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಈ ಪ್ರಾಧ್ಯಾಪಕಿ 1982ರಿಂದ 1994ರವರೆಗೆ ಹನ್ನೆರಡು ವರ್ಷ, ಇಂಥ ಮಾತ್ರೆ ಬಿಡಲಾರದವರಿಗಾಗಿಯೇ ಒಂದು ಚಿಕಿತ್ಸಾಲಯ ನಡೆಸಿದಳು. ತಾನು ಕಲಿತದ್ದೆಲ್ಲ ರೋಗಿಗಳ ಮಾತು ಕೇಳಿಯೇ ಎಂಬುದು ಅವಳ ನಿಲುವು. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬಾರದು. ಆಗಾಗ ಸ್ವಲ್ಪ ಸ್ವಲ್ಪವೇ ಇಳಿಸುತ್ತ ತಿಂಗಳುಗಳ ಕಾಲ, ಕೆಲವರಿಗೆ ವರ್ಷಕ್ಕೂ ಮೀರಿ, ರೋಗಿ ತಾಳುವ ವೇಗದಲ್ಲಿ ಹೋಗಬೇಕು ಎಂಬುದನ್ನು ಅವಳು ವಿವರವಾದ ಕೋಷ್ಟಕಗಳೊಂದಿಗೆ 1999ರಲ್ಲಿ ಕೈಪಿಡಿಯಾಗಿ ಹೊರತಂದಳು. 2019ರಲ್ಲಿ ತೀರಿಕೊಂಡ ಆಕೆಯ ಕೈಪಿಡಿಯನ್ನು ಜಗತ್ತಿನಾದ್ಯಂತ ಜನ ಇಂದಿಗೂ ಬಳಸುತ್ತಾರೆ. ಬ್ರಿಟಿಷ್ ಔಷಧ ಸುರಕ್ಷಾ ಸಮಿತಿ 1988ರಲ್ಲಿಯೇ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತ್ತು: ತೀವ್ರವಾದ ಆತಂಕಕ್ಕೆ ಮಾತ್ರ, ಅದೂ ಎರಡರಿಂದ ನಾಲ್ಕು ವಾರಕ್ಕಷ್ಟೆ. ಅಮೆರಿಕದ ಇಲಾಖೆಯು ಈ ಮಾತ್ರೆಗಳ ಪೊಟ್ಟಣದ ಮಾಹಿತಿಯಲ್ಲಿ ಚಟ, ಅವಲಂಬನೆ ಮತ್ತು ಬಿಡುವಾಗಿನ ಅಪಾಯಗಳ ಬಗ್ಗೆ ಕಪ್ಪು ಚೌಕಟ್ಟಿನ ಕಟ್ಟೆಚ್ಚರಿಕೆ ಹಾಕಿಸಿದ್ದು 2020ರಲ್ಲಿ, ಅಂದರೆ ಲಿಬ್ರಿಯಮ್ ಬಂದು ಅರುವತ್ತು ವರ್ಷವಾದ ಮೇಲೆ.

ಅವಲಂಬನೆ ಹೇಗೆ ಬೆಳೆಯುತ್ತದೆ ಎಂಬುದನ್ನು ಸರಳವಾಗಿ ಹೇಳಬಹುದು. ನಮ್ಮ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಅದು ನರಕೋಶಗಳ ಆವೇಗಕ್ಕೆ ಬ್ರೇಕು ಇದ್ದಂತೆ. ಈ ಮಾತ್ರೆಗಳು ಆ ಬ್ರೇಕನ್ನು ಇನ್ನಷ್ಟು ಬಿಗಿಯಾಗಿಸುತ್ತವೆ. ಮೆದುಳಿನಲ್ಲಿ ಅವು ಹೋಗಿ ಕೂರುವ ಜಾಗವನ್ನು 1977ರಲ್ಲಿ ಕಂಡುಹಿಡಿದರು. ವಾರಗಟ್ಟಲೆ ಬ್ರೇಕು ಬಿಗಿಯಾಗಿಯೇ ಇದ್ದರೆ ಮೆದುಳು ಅದಕ್ಕೆ ಹೊಂದಿಕೊಂಡು ತನ್ನ ಸ್ವಂತ ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ. ಆಗ ಮಾತ್ರೆ ಇದ್ದಕ್ಕಿದ್ದಂತೆ ನಿಂತರೆ ಗಾಡಿ ಇಳಿಜಾರಿನಲ್ಲಿ ಬ್ರೇಕಿಲ್ಲದೆ ಓಡುತ್ತದೆ. ನಡುಕ, ನಿದ್ದೆಗೇಡು, ಮೊದಲಿಗಿಂತ ಹೆಚ್ಚಿನ ಘಬರಾಹಟ್, ಕೆಲವೊಮ್ಮೆ ಫಿಟ್ಸ್. ಇದು ಮನೋದೌರ್ಬಲ್ಯವಲ್ಲ, ಶರೀರಧರ್ಮ.

ಈಗ ಥಾಲಿಡೊಮೈಡಿನ ನೆರಳಿಗೆ ಬರೋಣ. ಆ ದುರಂತದಿಂದ ಕಲಿತ ಅಮೆರಿಕದ ಇಲಾಖೆ 1977ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಆರಂಭದ ಪರೀಕ್ಷೆಗಳಿಂದ ದೂರವಿಡಬೇಕು ಎಂಬುದು ಅದರ ತಿರುಳು. ಉದ್ದೇಶ ರಕ್ಷಣೆ. ಫಲ ಬೇರೆ. ಒಂದು ಮಾತ್ರೆಯನ್ನು ಎಷ್ಟು ಕೊಡಬೇಕು, ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕವೆಲ್ಲ ಗಂಡಸಿನ ಮೈಯ ಮೇಲೆ ನಡೆಯಿತು. ಮಾತ್ರೆಯನ್ನು ಹೆಚ್ಚಾಗಿ ನುಂಗಿದವಳು ಹೆಣ್ಣು. ರಕ್ಷಣೆಯ ಹೆಸರಿನಲ್ಲಿ ಹೆಣ್ಣನ್ನು ಹೊರಗಿಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಅದರ ಬೆಲೆ ತೆರುವವರು ಯಾರೆಂಬುದೂ ನಮಗೆ ಗೊತ್ತು. 1993ರಲ್ಲಿ ಆ ಮಾರ್ಗಸೂಚಿಯನ್ನು ಬದಲಿಸಲಾಯಿತು. ಆದರೂ ಲೆಕ್ಕ ಸರಿಯಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಬೆಂಜೊಡಯಾಜೆಪೈನ್ ಅಲ್ಲದಿದ್ದರೂ ಮೆದುಳಿನ ಅದೇ ಜಾಗದಲ್ಲಿ ಕೆಲಸ ಮಾಡುವಂಥದು. 10 ಮಿಲಿಗ್ರಾಂ ನುಂಗಿ ಎಂಟು ಗಂಟೆಯಾದ ಮೇಲೂ, ಗಾಡಿ ಓಡಿಸಲು ಅಪಾಯ ಎನ್ನುವಷ್ಟು ಔಷಧ ಶೇಕಡಾ 3 ಗಂಡಸರ ರಕ್ತದಲ್ಲಿ ಉಳಿದಿದ್ದರೆ ಹೆಂಗಸರಲ್ಲಿ ಅದು ಶೇಕಡಾ 15. 2013ರ ಜನವರಿಯಲ್ಲಿ ಅಮೆರಿಕದ ಇಲಾಖೆ ಹೆಂಗಸರ ಪ್ರಮಾಣವನ್ನು ಅರ್ಧಕ್ಕೆ, ಅಂದರೆ 5 ಮಿಲಿಗ್ರಾಂಗೆ ಇಳಿಸಿತು. ಎರಡು ದಶಕ ಕಾಲ ಹೆಂಗಸರು ಗಂಡಸಿನ ಅಳತೆಯ ಅಂಗಿ ತೊಟ್ಟಂತೆ ಗಂಡಸಿನ ಅಳತೆಯ ಮಾತ್ರೆ ನುಂಗಿದ್ದರು.

ಹೆಣ್ಣಿನ ಮೈಗೆ ಸಂಬಂಧಿಸಿದ ಇನ್ನೂ ಕೆಲವು ಸಂಗತಿಗಳು ಚೀಟಿಯ ಮೇಲೆ ಇರುವುದಿಲ್ಲ. ಸಂತಾನ ನಿಯಂತ್ರಣದ ಗುಳಿಗೆ ತೆಗೆದುಕೊಳ್ಳುವವಳ ದೇಹದಿಂದ ಡಯಾಜೆಪಾಮ್, ಆಲ್‌ಪ್ರಜೋಲಾಮ್‌ಗಳು ನಿಧಾನವಾಗಿ ಹೊರಹೋಗುತ್ತವೆ. ಲೊರಾಜೆಪಾಮ್ ಮಾತ್ರ ಇದಕ್ಕೆ ವಿರುದ್ಧವಾಗಿ ಬೇಗ ಹೋಗುತ್ತದೆ. ಆದ್ದರಿಂದ ಯಾವ ಗುಳಿಗೆಯ ಜೊತೆ ಯಾವುದು ಎಂದು ವೈದ್ಯರಿಗೆ ಹೇಳಲೇಬೇಕು, ಗಂಡನ ಮುಂದೆ ಹೇಳಲು ಸಂಕೋಚವಾದರೆ ಒಬ್ಬಳೇ ಒಳಗೆ ಹೋಗಿ ಹೇಳಬೇಕು. ಬಸುರಿನ ಕೊನೆಯ ದಿನಗಳಲ್ಲಿ ಈ ಮಾತ್ರೆ ನಡೆದಿದ್ದರೆ ಹುಟ್ಟಿದ ಕೂಸು ಬಟ್ಟೆಯ ಗೊಂಬೆಯಂತೆ ಮೆತ್ತಗಾಗಿ, ಹಾಲು ಚೀಪಲಾರದೆ, ಉಸಿರಾಟಕ್ಕೆ ಕಷ್ಟಪಡಬಹುದು. ಕೆಲವು ಕೂಸುಗಳಿಗೆ ಮಾತ್ರೆ ಬಿಟ್ಟವರ ನಡುಕವೇ ಬರುತ್ತದೆ. ಎದೆಹಾಲಿನಲ್ಲೂ ಅದು ಸ್ವಲ್ಪ ಇಳಿಯುತ್ತದೆ, ಮುಖ್ಯವಾಗಿ ದೇಹದಲ್ಲಿ ಬಹಳ ಕಾಲ ನಿಲ್ಲುವ ಡಯಾಜೆಪಾಮ್. ಹಾಗೆಂದು ಬಸುರಿ ಎಂದು ತಿಳಿದ ದಿನವೇ ಹೆದರಿ ಮಾತ್ರೆಯನ್ನು ಎಸೆದುಬಿಡುವುದು ಇನ್ನೊಂದು ಅಪಾಯ. ಅಂದೇ ವೈದ್ಯರಲ್ಲಿಗೆ ಹೋಗುವುದು ಸರಿಯಾದ ದಾರಿ. ಇನ್ನು ವಯಸ್ಸಾದ ದಾದಿ ನಾನಿಯರು. ಅವರ ದೇಹದಲ್ಲಿ ಈ ಮಾತ್ರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಫಜರ್ ನಮಾಜಿಗೆ ಕತ್ತಲಲ್ಲಿ ಎದ್ದು ವುಝೂ ಮಾಡಲು ಹೋದವರು ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮನೆಯವರು ಒದ್ದೆ ನೆಲವನ್ನು ಬೈಯುತ್ತಾರೆ. ರಾತ್ರಿಯ ಮಾತ್ರೆಯನ್ನು ಯಾರೂ ನೆನೆಯುವುದಿಲ್ಲ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಅಥವಾ ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ಜೊತೆ ಇದು ಸೇರಿದರೆ ಉಸಿರೇ ನಿಲ್ಲುವ ಸಂಭವವಿದೆ.

ರಮಝಾನಿನ ಮಾತನ್ನು ಇಲ್ಲಿ ಹೇಳದಿದ್ದರೆ ನಮ್ಮ ಓದುಗರಿಗೆ ಈ ಲೇಖನ ಅರ್ಧವೇ. ದಿನಕ್ಕೆ ಎರಡು ಮೂರು ಸಲ ಆಲ್‌ಪ್ರಜೋಲಾಮ್ ತೆಗೆದುಕೊಳ್ಳುವವರು ಉಪವಾಸದ ಮೊದಲ ದಿನ ಹಗಲಿನ ಮಾತ್ರೆಗಳನ್ನು ತಾವಾಗಿಯೇ ಬಿಟ್ಟುಬಿಡುತ್ತಾರೆ. ಇದು ದೇಹದಿಂದ ಬೇಗ ಇಳಿದುಹೋಗುವ ಔಷಧ. ಅಸರ್ ಹೊತ್ತಿಗೆ ಬರುವ ನಡುಕ ಮತ್ತು ಎದೆಬಡಿತಗಳನ್ನು ಹಸಿವೆಂದೋ ಈಮಾನಿನ ಕೊರತೆಯೆಂದೋ ತಿಳಿದು ನರಳುವವರಿದ್ದಾರೆ. ರಮಝಾನಿಗೆ ಕೆಲವು ವಾರ ಮುಂಚೆಯೇ ವೈದ್ಯರನ್ನು ಕಂಡರೆ ಮಾತ್ರೆಯ ವೇಳೆಯನ್ನು ಇಫ್ತಾರ್ ಮತ್ತು ಸಹರಿಗೆ ಹೊಂದಿಸಬಹುದೇ, ಬೇರೆ ಮಾತ್ರೆಗೆ ಬದಲಿಸಬಹುದೇ ಎಂದು ಅವರು ನೋಡುತ್ತಾರೆ. ಹೊಂದದಿದ್ದರೆ ಕಾಯಿಲೆಯವರಿಗೆ ವಿನಾಯಿತಿ ಇದ್ದೇ ಇದೆಯಲ್ಲ.

ನಮ್ಮ ದೇಶದ ಸ್ಥಿತಿಯೇನು? ಡಯಾಜೆಪಾಮ್, ಆಲ್‌ಪ್ರಜೋಲಾಮ್‌ಗಳು 1985ರ ಮಾದಕ ವಸ್ತು ಕಾಯಿದೆಯ ಪಟ್ಟಿಯಲ್ಲಿವೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್‌-1 ಎಂಬ ಅನುಸೂಚಿಯಲ್ಲಿ ಇವೆರಡರ ಜೊತೆ ನೈಟ್ರಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಜೋಲ್ಪಿಡೆಮ್‌ಗಳೂ ಸೇರಿವೆ. ಇವನ್ನು ಮಾರುವಾಗ ರೋಗಿಯ ಹೆಸರು, ಬರೆದ ವೈದ್ಯರ ಹೆಸರು, ಔಷಧ ಮತ್ತು ಪ್ರಮಾಣಗಳನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪಟ್ಟಿಯ ಮೇಲೆ ಕೆಂಪು ಅಕ್ಷರದ ಗುರುತೂ ಎಚ್ಚರಿಕೆಯೂ ಇರಬೇಕು. ಕಾನೂನು ಹೀಗಿದೆ, ಖಾಲಿ ಪಟ್ಟಿ ತೋರಿಸಿ ಹತ್ತು ಮಾತ್ರೆ ತರುವ ಹುಡುಗರೂ ನಮ್ಮ ಬೀದಿಗಳಲ್ಲಿ ಇದ್ದಾರೆ.

ಆದರೆ ಮಾತ್ರೆಯೊಂದೇ ದಾರಿ ಅಲ್ಲವೆಂಬುದನ್ನು ತೋರಿಸಿದ ಪ್ರಯತ್ನವೂ ನಮ್ಮ ರಾಜ್ಯದಲ್ಲೇ ನಡೆದಿದೆ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಉಪಚರಿಸುವ ತರಬೇತಿ ಕೊಟ್ಟಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಅದನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹರಡಿತು. ಅದೇ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿ 2016ರಲ್ಲಿ ವರದಿ ಕೊಟ್ಟ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ ಮತ್ತು ಒತ್ತಡದ ಕಾಯಿಲೆಗಳು ಶೇಕಡಾ 3.5 ಜನರಲ್ಲಿದ್ದು, ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಇಮ್ಮಡಿ. ಆದ್ದರಿಂದ ಹೆಂಗಸರ ಘಬರಾಹಟ್ ಬರಿಯ ಕಂಪೆನಿಗಳ ಕಟ್ಟುಕಥೆ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕಾಯಿಲೆ ನಿಜ, ಔಷಧವೂ ಬೇಕಾಗಬಹುದು. ದೀರ್ಘಕಾಲದ ಆತಂಕಕ್ಕೆ ಇಂದು ವೈದ್ಯರು ಮೊದಲು ಕೊಡಬೇಕಾದುದು ಬೆಂಜೊಡಯಾಜೆಪೈನ್ ಅಲ್ಲ. ಸರ್ಟ್ರಾಲಿನ್, ಎಸಿಟಾಲೊಪ್ರಾಮ್‌ನಂಥ ಮಾತ್ರೆಗಳು. ಅವು ಅದೇ ದಿನ ಗುಣ ತೋರಿಸುವುದಿಲ್ಲ, ಎರಡರಿಂದ ಆರು ವಾರ ಬೇಕು. ಮೊದಲ ವಾರದಲ್ಲಿ ಹೊಟ್ಟೆ ತೊಳಸುವುದು, ತಳಮಳ ಸ್ವಲ್ಪ ಹೆಚ್ಚುವುದೂ ಉಂಟು. ಅವನ್ನೂ ತಟ್ಟನೆ ಬಿಡುವಂತಿಲ್ಲ. ಹಾಲೂಡಿಸುವ ತಾಯಿಗೆ ಅವುಗಳಲ್ಲಿ ಸರ್ಟ್ರಾಲಿನ್ ಹೆಚ್ಚು ಒಗ್ಗುವಂಥದು. ಮಾತುಕತೆಯ ಚಿಕಿತ್ಸೆ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆ ಕೂತು ಕೇಳುವವರು ಬೇಕು. ಖಮೀರಾ ಗಾವ್‌ಜಬಾನ್ ಬಿಟ್ಟು ಬೇರೇನೂ ಬೇಡ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಹಕೀಮರ ಖಮೀರಾ ತಿನ್ನುವವರು ಅದನ್ನೂ ಡಾಕ್ಟರಿಗೆ ತಿಳಿಸಲಿ, ಡಾಕ್ಟರ ಮಾತ್ರೆಯನ್ನು ಹಕೀಮರಿಗೂ ತಿಳಿಸಲಿ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮನಸ್ ಎಂಬ ಸಹಾಯವಾಣಿ ಆರಂಭಿಸಿತು. 14416 ಒತ್ತಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಪುಕ್ಕಟೆಯಾಗಿ ಮಾತಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. ಮನೆಯ ಫೋನು ಒಂದೇ ಇದ್ದು ಅದು ಗಂಡನ ಕಿಸೆಯಲ್ಲಿರುವ ಹೆಂಗಸರಿಗೆ ಅದೂ ದೂರವೇ. ಅವರು ಮುಂದಿನ ಸಲ ಡಾಕ್ಟರಲ್ಲಿಗೆ ಹೋದಾಗ ಎಷ್ಟು ದಿನಕ್ಕೆ ಈ ಮಾತ್ರೆ, ಬಿಡುವುದು ಹೇಗೆ ಎಂಬ ಎರಡು ಪ್ರಶ್ನೆಗಳನ್ನಾದರೂ ತಮ್ಮ ಬಾಯಿಂದಲೇ ಕೇಳಬಹುದು. ಉರ್ದುವಿನಲ್ಲಿ ಕೇಳಿದರೂ ಆದೀತು; ದುಭಾಷಿ ಆ ಎರಡು ಪ್ರಶ್ನೆಗಳನ್ನು ಕತ್ತರಿಸದೆ ದಾಟಿಸಲಿ.